ಗ್ವಾಡಿ ಆಚಿಗಿನ ಪಿಚ್ಚರು

ನಿಮಗ ಭಾಳ ಸೇರಿದ ಪಿಚ್ಚರು ಯಾವುದ್ರೀ ಅತ್ತಿ,
ಅಂತ ಕೇಳಿದಳು ಸೊಸಿ, ರೊಟ್ಟಿ ಬಡೀತಾ.
ಹೆಸರು ಹೇಳಿದೆ.
ನೋಡಿಲ್ಲ ಅನ್ನೋದು ಹೇಳಲಿಲ್ಲ.

ಶಹಾಬಾದದಾಗ ನಮ್ಮ ಹಿತ್ತಲ ಗ್ವಾಡಿಗಿ
ಟಾಕೀಸಿನ ಬೆನ್ನು ಹತ್ತಿತ್ತು.
ಎರಡೂ ಒಂದೇ ಖಣಿಯ ಕಲ್ಲು,
ನಡುವ ಬೆರಳು ಹೋಗುವಷ್ಟು ಸಂದಿ,
ಸಂದಿಯೊಳಗ ಹಲ್ಲಿಯ ಸಂಸಾರ.
ಬ್ಯಾಸಗಿಯಾಗ ಮಾಳಗಿ ಮ್ಯಾಲ ಕೌದಿ ಹಾಸಿ
ಎರಡನೇ ಆಟಕ್ಕ ಕಿವಿ ಕೊಟ್ಟು ಮಲಗತಿದ್ದೆವು.
ಹಗಲೆಲ್ಲ ಬಿಸಿಲು ಕುಡಿದ ಫರಸಿ
ನಡುರಾತ್ರಿಗೂ ಬೆನ್ನಿಗಿ ಹಂಚು.
ಕಣ್ಣು ಮುಚ್ಚಿದರ ಸಾಕು, ನಾಯಕಿ ಅಳತಿದ್ದಳು.

ಇಪ್ಪತ್ತಾರು ದಿನ ನಡೀತು ಆ ಪಿಚ್ಚರು.
ಇಪ್ಪತ್ತಾರು ಸಲ ಆಕಿ ತವರಿಗಿ ಪತ್ರ ಬರದಳು,
ಬರದದ್ದನ್ನ ತಾನೇ ಓದಿ ಹರದಳು.
ನಮ್ಮವ್ವ ಮರುದಿನ ಕತಿ ಕೇಳಿ ಅಂದಿದ್ದು ಇಷ್ಟೇ:
ಹರಿಯೋದ್ಯಾಕ? ಹಿಂದಿನ ಮಗ್ಗುಲು ಖಾಲಿ ಇತ್ತಲ್ಲ.

ನಾಯಕಿಗಿ ನಾನು ಹಚ್ಚಿದ ಮಾರಿ
ನಮ್ಮ ಗುರುಬಾಯಿ ಚಿಗವ್ವಂದು, ಸೊಟ್ಟ ಮೂಗಿನ ಸಮೇತ.
ನಾಯಕಗ, ನಗಬ್ಯಾಡ್ರಿ,
ಟಪಾಲು ತರುತ್ತಿದ್ದ ಮಶಾಕಸಾಬಂದು.
ಖಳನಿಗಿ ಕೊಡಲಾಕ ಯಾರ ಮಾರೀನೂ ಉಳಿದಿರಲಿಲ್ಲ,
ಹೆಡ್‌ಮಾಸ್ತರದು ಕೊಟ್ಟೆ.

ಆಟಕ್ಕ ಮೊದಲ ಹಚ್ಚುತ್ತಿದ್ದ ತಟ್ಟಿಯೊಳಗ
ಎರಡನೇ ನುಡಿಗಿ ಒಂದು ಗೀರು.
ಸೂಜಿ ಅಲ್ಲಿ ಬಂದು ಎಡವಿ
ಅರ್ಧ ಸಾಲು ನುಂಗಿ ಮುಂದ ಹೋಗತಿತ್ತು.
ಈಗ ಎಲ್ಲರ ಲಗ್ನದಾಗೂ ಆ ಹಾಡು ಹಚ್ಚತಾರ,
ಸಾಪಾಗಿ, ಒಂದು ಕೂದಲೂ ಕೊಂಕದಂಗ.
ನಾನು ಮಾತ್ರ ಆ ಜಾಗಾ ಬಂದಾಗ
ಹೊಸ್ತಿಲಿಲ್ಲದ ಬಾಗಲದಾಗ ಕಾಲೆತ್ತಿ ಇಟ್ಟಂಗ
ಒಮ್ಮಿ ಎಡವತೀನಿ.

ಪುಸ್ತಕದ್ದೂ ಅದೇ ಗತಿ.
ಲೈಬ್ರರಿಯಿಂದ ತಂದದ್ದು, ಕಡೀ ಹಾಳಿ ಇರಲಿಲ್ಲ.
ಉಳಿದ ಹಾಳಿಯ ತಳಕ್ಕ ಯಾರೋ ನೀಲಿ ಪೆನ್ಸಿಲಿನಾಗ
'ಸತ್ತಳು' ಅಂತ ಬರದಿದ್ರು.
ಅದರ ಕೆಳಗ ಬ್ಯಾರೆ ಕೈ, ಸೊಟ್ಟ ಅಕ್ಷರ:
'ಸುಳ್ಳು.'
ನಾನು ಎರಡನೇ ಕೈ ನಂಬಿದೆ.
ಇವತ್ತಿಗೂ ನಂಬೀನಿ.

ಖರೇ ಹೇಳಬೇಕಾದ್ದು ಸ್ಟೇಷನ್ನಿನ ಸೀನು.
ಕಡೀಗಿ ನಾಯಕ ಆಕೀನ್ನ ಕರದು
ಒಂದು ಮಾತು ಕೇಳತಾನ.
ಸರಿಯಾಗಿ ಅದೇ ಹೊತ್ತಿಗಿ, ಇಪ್ಪತ್ತಾರು ರಾತ್ರಿನೂ,
ಗಾಡಿ ಹಾಯತಿತ್ತು. ಮಾಳಗಿ ನಡುಗತಿತ್ತು.
ಗಾಡಿ ಹೋದ ಮ್ಯಾಲ ಕೇಳಿಸುತ್ತಿದ್ದದ್ದು ಆಕಿ ಮಾತು:
'ಆಗಲಿ.'
ಏನು ಆಗಲಿ?
ನಮ್ಮೂರ ಗೂಡ್ಸ್ ಗಾಡಿಗಿ ನಾನು ಹಾಕಿದ ಶಾಪ
ಒಂದೇ ಎರಡೇ.

ಲಗ್ನಾದ ವರ್ಷ ಮನಿಯವರು ಹೊರಸಿನ ಮ್ಯಾಲ ಕುಂತು
ವಾಡಿಗಿ ಬದಲಿ ಆಗ್ಯದ, ಬರ್ತೀಯೋ ಅಂದ್ರು.
'ಆಗಲಿ' ಅಂದೆ.
ದನಿ ನಂದಲ್ಲ ಅಂತ ಅವರಿಗಿ ಗೊತ್ತಾಗಲಿಲ್ಲ.
ಮುಂದ ಅದೇ ದನಿಯಾಗ
ಬಂಗಾರ ಒತ್ತಿ ಇಡಲಾಕ ಆಗಲಿ ಅಂದೆ,
ದವಾಖಾನಿ ಕಾಗದಕ್ಕ ಸಹಿ ಮಾಡುವಾಗ
ಡಾಕ್ಟರಿಗಿ ಆಗಲಿ ಅಂದೆ.

ಸೊಸಿ ಕೈಯೊರಿಸಿಕೊಂಡು ಮೊಬೈಲಿನಾಗ ಹುಡುಕಿದಳು.
ಸಿಕ್ಕಿತು. ನಾಯಕಿಯ ಮೂಗು ನೆಟ್ಟಗ.
ಕೆಟ್ಟನಿಸಿತು ಒಂಚೂರು.
ಸ್ಟೇಷನ್ನು ಬಂತು. ಕರದ. ಆಕಿ ತಿರುಗಿದಳು.
ಗಾಡಿ ಬಂತು.

ಪಿಚ್ಚರಿನಾಗೇ ಇತ್ತು ಗಾಡಿ.
ಅಂವನ ತುಟಿ ಆಡತಾವ, ಮಾತಿಲ್ಲ,
ಬರೀ ಚಕ್ರ, ಹೊಗಿ, ಚಕ್ರ.
ಒಳಗ ಕುರ್ಚಿ ಹಿಡಿದವರಿಗೂ ಕೇಳಿರಲಿಲ್ಲ,
ಒಂದು ರೂಪಾಯಿ ಕೊಟ್ಟವರಿಗೂ.
ನಡುಗಿದ್ದು ಮಾಳಗಿ ಅಲ್ಲ, ನಾನೇ ಇರಬೇಕು.
'ಆಗಲಿ' ಅಂದಳು ಆಕಿ.

ಸೊಸಿ ಹಿಂದ ಸರಿಸಿ ಮೂರು ಸಲ ನೋಡಿದಳು,
ಮೊಬೈಲಿಗಿ ಕಿವಿ ಹಚ್ಚಿ
ನಾನು ಗ್ವಾಡಿಗಿ ಹಚ್ಚಿದಂಗ.
ಏನಂದಿರಬೇಕ್ರೀ ಅತ್ತಿ ಅಂವ?

ನೋಡು, ಅಂದೆ,
ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಲಾಕ ಹತ್ಯದ.